ಕಾಸ್ತೆಲ್‌ಬಾರ್‌ನ ಟಗರುಗಂಟೆ

ಕರ್ಪೂರದೆಣ್ಣೆ, ಒದ್ದೆ ಉಣ್ಣೆ, ಈರುಳ್ಳಿ ಸಾರು. ಈ ಮೂರೂ ಬೆರೆತ ವಾಸನೆ ಎಲ್ಲೇ ಮೂಗಿಗೆ ಬಿದ್ದರೂ ಮೇಲಿಸ್ ಲಬಾದಿಗೆ ತನ್ನ ಬಾಲ್ಯದ ಭಾನುವಾರಗಳು ನೆನಪಾಗುತ್ತವೆ. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ರಗ್ಬಿ ಕ್ಲಬ್ಬಿಗೆ ತರುತ್ತಿದ್ದ. ಒಳಗೆ ಆಟಗಾರರು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಉಣ್ಣೆಯ ಜೆರ್ಸಿಗಳು ಒಲೆಯ ಪಕ್ಕ ಹಬೆಯಾಡುತ್ತಿದ್ದವು.

ಈ ಶುಕ್ರವಾರ ಬೆಳಿಗ್ಗೆ ಕ್ಲಬ್ಬಿನ ಬಾಗಿಲು ತಳ್ಳಿದಾಗ ಆ ವಾಸನೆ ಇರಲಿಲ್ಲ. ನೆಲಕ್ಕೆ ಬಳಿದ ಹೊಸ ಮೇಣದ ವಾಸನೆಯಿತ್ತು. ಖಾಲಿ ಹಾಲ್‌ನ ನಡುವೆ ಕ್ಲಬ್ಬಿನ ಅಧ್ಯಕ್ಷ ಅರ್ಮಾಂ ಕಸೋಬಾಂ ಕತ್ತೆತ್ತಿ ನಿಂತಿದ್ದರು. ಮೇಲೆ, ಮಾಡಿನ ತೊಲೆಯಲ್ಲಿ, ಕಬ್ಬಿಣದ ಕೊಕ್ಕೆ ಬರಿದಾಗಿತ್ತು.

ಟಗರುಗಂಟೆ ಇರಲಿಲ್ಲ.

"ಯಾರೂ ಏನೂ ಮುಟ್ಟಬಾರದು ಅಂತ ಹೇಳಿದೀನಿ," ಅಂದರು ಕಸೋಬಾಂ.

"ಮುಟ್ಟಬೇಕಾದವರು ಆಗಲೇ ಮುಟ್ಟಿ ಆಯ್ತಲ್ಲ ಅಧ್ಯಕ್ಷರೇ."

"ತಮಾಷೆ ಬೇಡ ಮೇಲಿಸ್. ನಾಳೆ ಸೆಮಿಫೈನಲ್. ಟಿವಿಯವರು ಬರ್ತಾರೆ."

ಮೇಲಿಸ್ ಕಾಸ್ತೆಲ್‌ಬಾರ್ ಊರಿನ ಪೊಲೀಸ್ ಠಾಣೆಯ ಮುಖ್ಯಸ್ಥೆ. ಐವತ್ತರ ಹತ್ತಿರದವಳು. ಕಳೆದ ಕೋಳಿಯಿಂದ ಹಿಡಿದು ಕಳೆದ ಗಂಡಂದಿರವರೆಗೆ ಹುಡುಕಿಕೊಟ್ಟಿದ್ದಾಳೆ. ಆದರೆ ಈ ಗಂಟೆ ಬೇರೆ ಮಾತು. ಫ್ರಾನ್ಸಿನ ಈ ಪಿರೆನೀಸ್ ಬೆಟ್ಟದ ಕುರಿಹಿಂಡಿನಲ್ಲಿ ಮುಂದಾಳು ಟಗರಿನ ಕೊರಳಿಗೆ ಕಟ್ಟುವ ಗಂಟೆ ಅದು. ತುಂಬಿದ ತಂಬಿಗೆಯಷ್ಟು ತೂಕ. ತವರು ಪಂದ್ಯಕ್ಕೆ ತಂಡ ಹೊರಡುವ ಮುನ್ನ, ಊರಿನಲ್ಲಿ ಬದುಕಿರುವ ಅತಿ ಹಿರಿಯ ಆಟಗಾರ ಅದನ್ನು ಬಾರಿಸಬೇಕು. ಬಾರಿಸದೆ ತಂಡ ಹೊರಟಿದ್ದು ಯಾರ ನೆನಪಿನಲ್ಲೂ ಇಲ್ಲ.

ಅದರಲ್ಲೂ ಈ ವರ್ಷ. ಯುರೋಪಿನ ದೊಡ್ಡ ಕಪ್‌ಗೆ ಅರ್ಹತೆ ಸಿಗದ ತಂಡಗಳಿಗೆ ಒಂದು ಎರಡನೇ ದರ್ಜೆಯ ಕಪ್ ಇದೆ. ಊರಿನವರು ಅದನ್ನು ಸಣ್ಣ ಕಪ್ ಅನ್ನುತ್ತಾರೆ. ಚಳಿಗಾಲದ ಆರಂಭದಲ್ಲಿ ಕಸೋಬಾಂ ಅವರೇ "ಯಾರಿಗೆ ಬೇಕು ಇದು" ಅಂದಿದ್ದರು. ಒಳ್ಳೆಯ ಆಟಗಾರರನ್ನು ದೇಶದ ಲೀಗಿಗೆ ಉಳಿಸಿಕೊಂಡು, ಮಿಕ್ಕವರನ್ನು ಸಣ್ಣ ಕಪ್‌ಗೆ ಕಳಿಸಿದ್ದರು. ಮಿಕ್ಕವರು ಅಂದರೆ ಮೀಸೆ ಚಿಗುರದವರು ಮತ್ತು ಮಂಡಿ ಸವೆದವರು. ಅವರು ಹೋಗಿ ಸ್ಕಾಟ್ಲೆಂಡಿನ ಗಾಳಿಯಲ್ಲಿ ಗೆದ್ದರು. ಇಟಲಿಯ ಕೆಸರಲ್ಲಿ ಗೆದ್ದರು. ಇಂಗ್ಲೆಂಡಿನಲ್ಲಿ ಸೋಲುವ ಆಟವನ್ನು ಕಡೇ ಗಳಿಗೆಯಲ್ಲಿ ಕಿತ್ತುಕೊಂಡು ಬಂದರು. ಪ್ರತಿ ಸಲವೂ ಬಸ್ಸು ವಾಪಸ್ಸು ಬರುವಾಗ ಊರಿನ ಅಂಚಿಗೆ ಕಾದು ನಿಲ್ಲುವವರು ಹೆಚ್ಚಾಗುತ್ತ ಹೋದರು. ಈಗ ನಾಳೆ, ತವರಿನಲ್ಲೇ, ವೇಲ್ಸ್ ತಂಡದ ಎದುರು ಸೆಮಿಫೈನಲ್.

ಮೇಲಿಸ್ ಕುಕ್ಕರಗಾಲಲ್ಲಿ ಕೂತಳು. ಮೇಣ ಪೂರ್ತಿ ಒಣಗುವ ಮೊದಲೇ ಯಾರೋ ಓಡಾಡಿದ್ದರು. ಗುರುತುಗಳು ಕಲಸಿಹೋಗಿದ್ದವು, ಪಾದದ ಅಳತೆ ಸಿಗುವಂತಿರಲಿಲ್ಲ. ಆದರೆ ಕೊಕ್ಕೆಯ ನೇರಕ್ಕೆ ನೆಲದಲ್ಲಿ ಒತ್ತೊತ್ತಾಗಿ ತುಳಿದ ಕಾಲುಗಳ ಚಿತ್ತಾರವಿತ್ತು. ಅಲ್ಲಿಂದ ಒಂದು ಅಗಲವಾದ ಉಜ್ಜಿದ ಪಟ್ಟೆ ಬಾಗಿಲವರೆಗೆ ಹೋಗಿತ್ತು.

ಪಟ್ಟೆಯ ಅಂಚಿನಲ್ಲಿ ನೀಲಿ ಟೇಪಿನ ಚೂರು ಬಿದ್ದಿತ್ತು.

"ನೋಡಿದ್ರಾ," ಅಂದರು ಕಸೋಬಾಂ, ದನಿ ತಗ್ಗಿಸಿ. "ಆಟದಲ್ಲಿ ಕಿವಿ ಉಜ್ಜಿಹೋಗದಿರಲಿ ಅಂತ ನಮ್ಮಲ್ಲಿ ಎಲ್ಲರೂ ಕಿವಿಗೆ ಬಿಳಿ ಟೇಪ್ ಸುತ್ತಿಕೊಳ್ತಾರೆ. ನೀಲಿ ಸುತ್ತೋನು ಒಬ್ಬನೇ. ಜ್ವಿಯಾದ್."

"ಅವನು ಯಾಕೆ ಕದೀತಾನೆ?"

"ಈ ವರ್ಷಕ್ಕೆ ಅವನ ಒಪ್ಪಂದ ಮುಗಿಯುತ್ತೆ. ಇನ್ನೊಂದು ವರ್ಷ ಕೊಡಲ್ಲ ಅಂದೆ. ಸಿಟ್ಟಿರಬಹುದು. ನಿನ್ನೆ ಸಂಜೆ ಇಡೀ ಊರು ಚೌಕದಲ್ಲಿ ಊಟ ಮಾಡ್ತಿತ್ತು. ಇಡೀ ತಂಡ ಇತ್ತು. ಅವನೊಬ್ಬ ಇರಲಿಲ್ಲ. ಎಲ್ಲಿದ್ದೆ ಅಂತ ಇವತ್ತು ಬೆಳಿಗ್ಗೆ ಫೋನಿನಲ್ಲಿ ಕೇಳಿದೆ. ಬಾಯಿ ಬಿಡಲಿಲ್ಲ."

"ಅವನ ಮೇಲೆ ಅನುಮಾನ ಅಂತ ಬೇರೆ ಯಾರಿಗೆ ಹೇಳಿದೀರಿ?"

"ಯಾರಿಗೂ ಇಲ್ಲ. ನೀವೂ ಯಾರಿಗೂ ಹೇಳಬೇಡಿ. ಪೇಪರಿನವರಿಗೆ ಗೊತ್ತಾದ್ರೆ ಮಾನ ಹೋಗುತ್ತೆ. ಸಂಜೆ ಜೆರ್ಸಿ ಹಂಚೋ ಹೊತ್ತಿಗೆ ನೀವು ಏನಾದ್ರೂ ಹೇಳಬೇಕು. ಇಲ್ಲಾಂದ್ರೆ ಅವನ ಜೆರ್ಸಿ ಇನ್ನೊಬ್ಬನ ಕೈಗೆ ಹೋಗುತ್ತೆ."

ಕಸೋಬಾಂ ಕೆಟ್ಟ ಮನುಷ್ಯರಲ್ಲ. ಊರಿನ ಎಷ್ಟೋ ಮಕ್ಕಳ ಮೊದಲ ಬೂಟು ಅವರ ಅಂಗಡಿಯಿಂದ ಪುಕ್ಕಟೆ ಬಂದದ್ದು. ಆದರೆ ಒಮ್ಮೆ ಅವರ ತಲೆಯೊಳಗೆ ಒಂದು ವಿಷಯ ಹೊಕ್ಕರೆ ಆಚೆ ಬರುವುದು ಕಷ್ಟ.

ಮೇಲಿಸ್ ಟೇಪಿನ ಚೂರನ್ನು ಬೆಳಕಿಗೆ ಹಿಡಿದಳು. ಅಂಟಿನ ಬದಿಗೆ ಬಿಳಿ ಹತ್ತಿಯ ನೂಲಿನ ಎಳೆಗಳು ಮೆತ್ತಿಕೊಂಡಿದ್ದವು. ಕೂದಲು ಒಂದೂ ಇರಲಿಲ್ಲ.

ಕಿವಿಗೆ ಸುತ್ತಿದ ಟೇಪಿಗೆ ಕೂದಲು ಅಂಟದೆ ಇರುತ್ತದೆಯೇ?

* * *

ಕ್ಲಬ್ಬಿನ ಅಡುಗೆ, ಕಾವಲು, ಕಸಗುಡಿಸುವುದು, ಎಲ್ಲ ಜಿಲ್ಬೇರ್‌ನದು. ಅವನು ಹಿತ್ತಿಲಲ್ಲಿ ಕೋಸು ಹೆಚ್ಚುತ್ತಿದ್ದ. ಮುಖ ಮೂರು ದಿನದ ಬ್ರೆಡ್ಡಿನಂತೆ ಬಿಗಿದಿತ್ತು.

"ಬಾಗಿಲಿಗೆ ಬೀಗ ಹಾಕಿರಲಿಲ್ವಾ?"

"ಯಾವತ್ತು ಹಾಕಿದೀನಿ ಮೇಲಿಸ್? ನೀನು ಚಿಕ್ಕೋಳಿದ್ದಾಗ ಹಾಕಿದ್ದನ್ನ ನೋಡಿದೀಯಾ?"

"ಗಂಟೆ ಅಷ್ಟು ಎತ್ತರದಲ್ಲಿದೆ. ಏಣಿ ಎಲ್ಲಿತ್ತು?"

"ಚೌಕದಲ್ಲಿ. ಬಾವುಟ ಕಟ್ಟೋಕೆ ನಗರಸಭೆಯವರು ಒಯ್ದಿದ್ರು. ಇನ್ನೂ ಅಲ್ಲೇ ಇದೆ."

"ಮೇಜು ಹತ್ತಿರಬಹುದು."

"ಯಾವ ಮೇಜು? ಊಟಕ್ಕೆ ಅಂತ ಇಲ್ಲಿನ ಮೇಜು, ಬೆಂಚು, ಕುರ್ಚಿ ಎಲ್ಲ ಚೌಕಕ್ಕೆ ಹೋಯ್ತಲ್ಲ. ಖಾಲಿ ಆಯ್ತು ಅಂತಾನೇ ನಾನು ನೆಲಕ್ಕೆ ಮೇಣ ಬಳಿದದ್ದು. ಟಿವಿಯವರು ನೋಡಲಿ ಅಂತ. ಈಗ ನೋಡು, ಎಮ್ಮೆ ಹೊರಳಾಡಿದ ಹಾಗಿದೆ."

"ಊಟಕ್ಕೆ ನೀನೂ ಹೋಗಿದ್ಯಾ?"

"ಹೋದೆ. ಊಟ ಚೆನ್ನಾಗಿತ್ತು. ವಾದ್ಯದವರದು ಮಾತ್ರ ಸಪ್ಪೆ. ಊಟದ ನಡುವೆ ಬೆಟ್ಟದ ಮೇಲಿನ ವೃದ್ಧಾಶ್ರಮಕ್ಕೆ, ನಮ್ಮ ಮುದುಕರ ಮನೆಗೆ, ಮೆರವಣಿಗೆ ಹೊರಟ್ರು. ಪ್ರತಿ ಪಂದ್ಯಕ್ಕೂ ಮುಂಚೆ ಗುರುವಾರ ಹೋಗ್ತಾರಲ್ಲ, ಅದೇ. ಆ ಕೊರಿನ್ ಅಷ್ಟು ದೊಡ್ಡ ಡೋಲು ಹೊತ್ತುಕೊಂಡು ನಡೆದಳು, ಒಂದೇ ಒಂದು ಏಟು ಬಡೀಲಿಲ್ಲ. ಬರೀ ತುತ್ತೂರಿ. ಮಾಂಸದಂಗಡಿಲಿ ದಿನವಿಡೀ ಕತ್ತಿ ಬೀಸ್ತಾಳೆ, ಡೋಲು ಬಡಿಯೋಕೆ ಕೈ ನೋವಂತೆ."

ಅವನು ಕೋಸಿನ ಮೇಲೆ ಸಿಟ್ಟು ತೀರಿಸಿಕೊಂಡ. ಮತ್ತೆ ಹೇಳಿದ:

"ಉಲಿಸ್ ತಾತನಿಗೆ ಇದು ಗೊತ್ತಾಗದೆ ಇದ್ದರೆ ಸಾಕು. ಊರಿಗೇ ಹಿರಿಯ ಆಟಗಾರ, ಮೊದಲೇ ಸೊಂಟ ಮುರಿದು ಮಲಗಿದಾನೆ. ನಾಳೆ ಗಂಟೆ ಬಾರಿಸೋದು ಅವನಲ್ಲ ಅನ್ನೋದೇ ಅವನಿಗೆ ಸಾಕಾಗಿದೆ."

"ಯಾರು ಬಾರಿಸ್ತಾರೆ ಹಾಗಾದ್ರೆ?"

"ಹಂದಿಮಾಂಸದ ಕಾರ್ಖಾನೆ ಯಜಮಾನ. ಜೆರ್ಸಿ ಮೇಲೆ ಅವನ ಹೆಸರಿದೆಯಲ್ಲ. ಒಂದು ದಿನ ಆದ್ರೂ ಚೆಂಡು ಮುಟ್ಟಿದೋನಲ್ಲ."

* * *

ಗಂಟೆಯ ಸದ್ದು ಮೊದಲು ಕೇಳಿದ್ದು ಸೇತುವೆಯ ಬಳಿ. ವೇಲ್ಸ್ ಅಭಿಮಾನಿಗಳ ಬಸ್ಸು ನಿಂತಿತ್ತು. ಒಳಗಿಂದ ಢಣ್ ಢಣ್ ಎಂದು ಸ್ಪಷ್ಟವಾಗಿ ಬರುತ್ತಿತ್ತು.

ಮೇಲಿಸ್ ಬಸ್ಸು ಹತ್ತಿದಳು. ಸದ್ದು ಥಟ್ಟನೆ ನಿಂತಿತು.

ಹಿಂದಿನ ಸೀಟಿನಲ್ಲಿ ಕೆಂಪು ಟೋಪಿಯ ಒಬ್ಬ ಅಜ್ಜ ಮಡಿಲ ಮೇಲೆ ಚೀಲ ಅವುಚಿಕೊಂಡು ಕೂತಿದ್ದ. ಎಮ್ರಿಸ್ ಎಂದು ಹೆಸರು ಹೇಳಿದ. ಅವನಿಗೆ ಶಾಲೆಯಲ್ಲಿ ಕಲಿತ ಫ್ರೆಂಚ್ ಇತ್ತು, ಮೇಲಿಸ್‌ಗೆ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಇತ್ತು. ಎರಡೂ ಸೇರಿ ಒಂದು ಭಾಷೆಯಾಯಿತು.

"ಚೀಲದಲ್ಲಿ ಏನಿದೆ?"

"ಗಂಟೆ ಮೇಡಂ."

"ಎಲ್ಲಿ ಸಿಕ್ತು?"

"ಸಂತೇಲಿ. ನಿನ್ನೆ. ನನ್ನ ಮೇಕೆಗೆ. ಅದರ ಹೆಸರು ಡಿಲಿಸ್. ಬೇಲಿ ಹಾರಿ ಪಾದ್ರಿಯ ತೋಟಕ್ಕೆ ಹೋಗುತ್ತೆ."

ಗಂಟೆ ಈಚೆಗೆ ಬಂತು. ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಎಮ್ರಿಸ್ ಅದರ ಜೊತೆಗೆ ಫೋನಿನಲ್ಲಿ ಡಿಲಿಸ್‌ಳ ಚಿತ್ರವನ್ನೂ ತೋರಿಸಿದ. ಗಡ್ಡದ, ಸೊಕ್ಕಿನ ಮೇಕೆ.

"ಒಳ್ಳೇ ಕಳ್ಳಿಯ ಮುಖ," ಅಂದಳು ಮೇಲಿಸ್.

"ನಮ್ಮೂರಿನ ಪೊಲೀಸರೂ ಅದನ್ನೇ ಹೇಳ್ತಾರೆ." ಎಮ್ರಿಸ್ ನಕ್ಕ. ಅವಳು ಇಳಿಯುವಾಗ ಕೇಳಿದ, "ನಿಮ್ಮ ದೊಡ್ಡ ಗಂಟೆ ಕಳೆದಿದೆ ಅಂತ ಹೋಟೆಲಿನಲ್ಲಿ ಹೇಳಿದ್ರು. ಸಿಗದೇ ಇದ್ದರೆ ನಾಳೆಗೆ ಇದನ್ನ ಕೊಡ್ತೀನಿ. ಸದ್ದು ಕಮ್ಮಿ, ಆದ್ರೆ ಮನಸ್ಸು ದೊಡ್ಡದು."

ಎದುರು ತಂಡದ ಮನುಷ್ಯ. ಮೇಲಿಸ್ ಅವನ ಕೈ ಕುಲುಕಿ ಇಳಿದಳು.

* * *

ಜ್ವಿಯಾದ್ ಇದ್ದದ್ದು ಔಷಧದಂಗಡಿಯ ಮೇಲಿನ ಮನೆಯಲ್ಲಿ. ಜಾರ್ಜಿಯಾದಿಂದ ಬಂದು ಹನ್ನೊಂದು ವರ್ಷವಾಗಿತ್ತು. ಎರಡೂ ತಂಡ ತಲೆ ತಗ್ಗಿಸಿ ಒಂದನ್ನೊಂದು ತಳ್ಳುವ ಸ್ಕ್ರಮ್ಮಿನ ಮುಂದಿನ ಸಾಲಿನಲ್ಲಿ ಹೆಗಲು ಕೊಟ್ಟು ಕೊಟ್ಟು ಕುತ್ತಿಗೆ ಮಾಯವಾಗಿತ್ತು. ಕಿವಿಗಳು ಹೂಕೋಸಾಗಿದ್ದವು.

ಬಾಗಿಲು ತೆರೆದದ್ದು ಅವನಲ್ಲ. ಎಪ್ಪತ್ತು ದಾಟಿದ ಒಬ್ಬ ತೆಳ್ಳನೆಯ ಮುದುಕ. ಮೈಮೇಲೆ ಕ್ಲಬ್ಬಿನ ದೊಗಳೆ ಅಂಗಿ. ಪ್ಯಾಂಟಿನ ಕಾಲನ್ನು ಮಡಿಚಿ ಮಡಿಚಿ ಮಂಡಿಗೆ ತಂದಿದ್ದ. ಸಮವಸ್ತ್ರ ಕಂಡು ಗಾಬರಿಯಾದ. ಆಮೇಲೆ ಒಳಗೆ ಹೋಗಿ ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ ಆಕ್ರೋಟದ ಸರ ತಂದು ಅವಳ ಕೈಗಿಟ್ಟ.

"ನಮ್ಮಪ್ಪ. ಒತಾರ್," ಅಂದ ಜ್ವಿಯಾದ್, ಹಿಂದಿನಿಂದ.

ಗೋಡೆಯ ಪಕ್ಕ ಹಗ್ಗ ಕಟ್ಟಿದ ಸೂಟ್‌ಕೇಸಿತ್ತು. ಹಿಡಿಯಲ್ಲಿ ವಿಮಾನದ ಚೀಟಿ ಇನ್ನೂ ನೇತಾಡುತ್ತಿತ್ತು. ಮೇಲಿಸ್ ಅದನ್ನು ಓದಿದಳು. ಗುರುವಾರ, ತುಲೂಸ್.

"ನಿನ್ನೆ ಸಂಜೆ ವಿಮಾನ ನಿಲ್ದಾಣಕ್ಕೆ ಹೋಗಿದ್ಯಾ?"

ಅವನು ಕುರ್ಚಿಯಲ್ಲಿ ಕೂತ. ಕುರ್ಚಿ ಕಿರುಗುಟ್ಟಿತು.

"ತರಬೇತುದಾರರ ಕಟ್ಟಪ್ಪಣೆ ಇದೆ. ಗುರುವಾರ ಬೆಳಿಗ್ಗೆಯಿಂದ ಪಂದ್ಯದವರೆಗೆ ಯಾರೂ ಊರು ಬಿಡಬಾರದು. ಬಿಟ್ಟವನು ಆಡೋ ಹಾಗಿಲ್ಲ. ನನಗಿಂತ ದೊಡ್ಡವರನ್ನೇ ಹೊರಗೆ ಕೂರಿಸಿದಾರೆ."

"ಬಸ್ಸಿಗೆ ಬಾ ಅನ್ನಬಹುದಿತ್ತು."

"ಅಪ್ಪನಿಗೆ ನಮ್ಮ ಭಾಷೆ ಬಿಟ್ಟು ಬೇರೆ ಬರಲ್ಲ. ಮೊದಲನೇ ಸಲ ವಿಮಾನ ಹತ್ತಿದಾನೆ. ಅಷ್ಟು ದೊಡ್ಡ ನಿಲ್ದಾಣದಲ್ಲಿ ಒಬ್ಬನೇ ನಿಂತಿರ್ತಾನೆ ಅಂತ..." ಅವನು ಕೈಗಳನ್ನು ನೋಡಿಕೊಂಡ. "ನನ್ನ ಒಂದು ಪಂದ್ಯಾನೂ ಅಪ್ಪ ನೋಡಿಲ್ಲ ಮೇಲಿಸ್. ಇಷ್ಟು ವರ್ಷ ಕುರಿಹಿಂಡು ಬಿಟ್ಟು ಬರೋಕಾಗ್ಲಿಲ್ಲ. ನಾಳೆದೇ ಈ ಊರಲ್ಲಿ ನನ್ನ ಕೊನೇದು."

ಮೇಲಿಸ್‌ಗೆ ಇಕ್ಕಟ್ಟು ಅರ್ಥವಾಯಿತು. ಎಲ್ಲಿದ್ದೆ ಎಂದು ಹೇಳಿದರೆ ಕಳವಿನಿಂದ ಪಾರು, ಆದರೆ ಆಟದಿಂದ ಹೊರಗೆ. ಹೇಳದಿದ್ದರೂ ಹೊರಗೆ. ಅವನನ್ನು ಉಳಿಸಲು ಒಂದೇ ದಾರಿ. ನಿಜವಾದ ಕಳ್ಳ ಸಿಗಬೇಕು, ಅದೂ ಸಂಜೆಯೊಳಗೆ.

"ನಿನ್ನ ನೀಲಿ ಟೇಪ್ ಯಾರ ಯಾರ ಹತ್ರ ಇದೆ?"

"ಕೇಳಿದವರಿಗೆಲ್ಲ ಕೊಡ್ತೀನಿ. ಔಷಧದಂಗಡಿ ಹುಡುಗಿಗೆ, ಪೋಸ್ಟ್‌ಮ್ಯಾನ್‌ಗೆ, ಕೊರಿನ್‌ಗೆ. ನಮ್ಮೂರಿಂದ ಬರುತ್ತೆ. ಗಟ್ಟಿ. ಹೋದ ವಾರ ಒಬ್ಬ ಅಜ್ಜಿಯ ಕೊಡೆಗೂ ಸುತ್ತಿಕೊಟ್ಟೆ."

ಒತಾರ್ ಇಬ್ಬರ ಮುಖವನ್ನೂ ನೋಡುತ್ತಿದ್ದ. ಮಗನನ್ನು ಏನೋ ಕೇಳಿದ.

"ಏನಂತಾರೆ?"

"ನೀವು ಯಾಕೆ ತಿಂತಿಲ್ಲ ಅಂತ ಕೇಳ್ತಿದಾನೆ."

ಮೇಲಿಸ್ ಆಕ್ರೋಟದ ಸರವನ್ನು ಕಚ್ಚಿದಳು. ಮುದುಕನ ಮುಖ ಅರಳಿತು.

* * *

ಮೈದಾನದಲ್ಲಿ ಮಧ್ಯಾಹ್ನದ ಅಭ್ಯಾಸ ನಡೆದಿತ್ತು. ಮೇಲಿಸ್ ಬೇಲಿಗೆ ಒರಗಿ ನಿಂತಳು. ಬೆಟ್ಟದ ಮೇಲೆ ಬಿಸಿಲು. ಗೆರೆಯಾಚೆ ಹೋದ ಚೆಂಡನ್ನು ಮತ್ತೆ ಆಟಕ್ಕೆ ತರುವ ಸಾಲು ಕಟ್ಟಿದ್ದರು. ಎಸೆಯುವವನು ಚೆಂಡನ್ನು ತಲೆಯ ಮೇಲೆತ್ತಿದ. ಸಾಲಿನಲ್ಲಿ ಒಬ್ಬನನ್ನು ಹಿಂದೊಬ್ಬ ಮುಂದೊಬ್ಬ ತೊಡೆ ಹಿಡಿದು ಮೇಲಕ್ಕೆ ಎತ್ತಿದರು. ಕೈಗೆ ಹಿಡಿತ ಸಿಗಲೆಂದು ಅವನ ತೊಡೆಗೆ ಟೇಪು ಸುತ್ತಿತ್ತು. ಅವನು ಆಕಾಶದಲ್ಲಿ ಕೂತವನಂತೆ ಅರೆಗಳಿಗೆ ನಿಂತು ಚೆಂಡು ಹಿಡಿದ. ಇಳಿದ ಕೂಡಲೇ ಎತ್ತಿದವರಿಬ್ಬರೂ ಅವನನ್ನು ಎರಡು ಕಡೆಯಿಂದ ತಬ್ಬಿದರು. ಮೂವರೂ ಒಂದೇ ಉಂಡೆಯಾಗಿ ಕಾಲುಜ್ಜುತ್ತ ಮುಂದಕ್ಕೆ ತಳ್ಳಿಕೊಂಡು ಹೋದರು.

ಹುಲ್ಲಿನ ಮೇಲೆ ಅಗಲವಾದ ಪಟ್ಟೆ ಬಿತ್ತು.

ಮೇಲಿಸ್ ಬೇಲಿಯಿಂದ ಕೈ ತೆಗೆದಳು.

ಈ ಸಾಲಿಗೆ ಅವಳೂ ಎಷ್ಟೋ ವರ್ಷ ಚೆಂಡು ಎಸೆದವಳು. ಊರಿನ ಹೆಂಗಸರ ತಂಡದಲ್ಲಿ. ಅಲ್ಲಿ ಮೇಲೇರುತ್ತಿದ್ದವಳು ಉದ್ದನೆಯ ಮಿರೇಯ್, ಈಗ ಶಾಲೆಯ ಟೀಚರ್. ಎತ್ತುತ್ತಿದ್ದವರು ಸಾಂದ್ರಿನ್ ಮತ್ತು ಕೊರಿನ್.

ಮೈದಾನದ ಆಚೆ ವಾದ್ಯದವರು ನಾಳೆಗೆ ತಾಲೀಮು ನಡೆಸಿದ್ದರು. ಡೋಲು ಹುಲ್ಲಿನ ಮೇಲೆ ಒಂಟಿಯಾಗಿ ಕೂತಿತ್ತು. ಮೇಲಿಸ್ ಹೋಗಿ ನೋಡಿದಳು. ಒಂದು ಬದಿಗೆ ಚರ್ಮ, ಅದರ ಮೇಲೆ ನೀಲಿ ಟೇಪಿನ ತೇಪೆ. ಇನ್ನೊಂದು ಬದಿಗೆ ಬರೀ ಬಟ್ಟೆ, ಗುಂಡಿ ಬಿಚ್ಚಿದರೆ ತೆರೆಯುವಂಥದು.

"ಕೊರಿನ್ ಎಲ್ಲಿ?"

ತುತ್ತೂರಿಯವನು ಬಿಳಿ ಪ್ಯಾಂಟಿನ ಮೇಲಿನ ಹುಲ್ಲು ಕೊಡವಿದ. "ಮುದುಕರ ಮನೆಗೆ ಹೋದಳು. ಸಾಂದ್ರಿನ್ ಅಲ್ಲಿ ನರ್ಸ್ ಅಲ್ವಾ, ಅವಳನ್ನ ನೋಡೋಕಂತೆ. ನಮ್ಮ ಜೊತೆ ತುತ್ತೂರಿ ಊದೋ ಮಿರೇಯ್ ಕೂಡ ಹೋದಳು. ನಿನ್ನೆಯಿಂದ ಅಲ್ಲೇ ಬೀಡುಬಿಟ್ಟಿದಾರೆ."

ಮೇಲಿಸ್ ಫೋನು ತೆಗೆದಳು. "ಅಧ್ಯಕ್ಷರೇ, ಬೆಟ್ಟದ ಮೇಲೆ ಬನ್ನಿ. ಒಬ್ಬರೇ ಬನ್ನಿ."

* * *

ಮುದುಕರ ಮನೆಯಲ್ಲಿ ಉಲಿಸ್ ತಾತನ ಕೋಣೆ ಕಣಿವೆಯ ಕಡೆಗಿತ್ತು. ಕಿಟಕಿ ತೆರೆದರೆ ಮೈದಾನದ ಗೋಲುಗಂಬಗಳು ಕಾಣುತ್ತಿದ್ದವು. ತಾತ ಎರಡು ದಿಂಬಿಗೆ ಒರಗಿ ಕೂತಿದ್ದ. ಹಾಸಿಗೆಯ ಸುತ್ತ ಮೂವರು ಹೆಂಗಸರು. ಹೊದಿಕೆಯ ಕೆಳಗೆ, ತಾತನ ಹೊಟ್ಟೆಯ ಮೇಲೆ, ಏನೋ ಉಬ್ಬಿತ್ತು.

"ತಾತ, ಬಸುರಾ?" ಅಂದಳು ಮೇಲಿಸ್.

"ಈ ವಯಸ್ಸಲ್ಲಿ ಹುಷಾರಾಗಿರಬೇಕು," ಅಂದ ತಾತ.

ಅವನು ಹೊದಿಕೆ ಸರಿಸಿದ. ಟಗರುಗಂಟೆ ಬಿಸಿಲಿಗೆ ಮಿನುಗಿತು. ಯಾರೋ ಅದನ್ನು ತಿಕ್ಕಿ ತೊಳೆದಿದ್ದರು.

ಕಸೋಬಾಂ ಬಾಗಿಲಲ್ಲೇ ನಿಂತರು.

"ನಾನು ಹೇಳ್ತೀನಿ, ತಪ್ಪಿದ್ದರೆ ತಿದ್ದಿ," ಅಂದಳು ಮೇಲಿಸ್. "ಗಂಟೆ ಎತ್ತರದಲ್ಲಿತ್ತು. ಏಣಿ ಇಲ್ಲ, ಮೇಜಿಲ್ಲ, ಕುರ್ಚಿಯಿಲ್ಲ. ಎಷ್ಟು ಉದ್ದದವನು ಹಾರಿದ್ರೂ ಒಂದೇ ನೆಗೆತಕ್ಕೆ ಚರ್ಮದ ಪಟ್ಟಿ ಬಿಚ್ಚೋಕಾಗಲ್ಲ. ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಅಂದ್ರೆ ಯಾರೋ ಹಿಡಿದುಕೊಂಡಿರಬೇಕು. ಇಬ್ಬರು ಎತ್ತಿದ್ರು, ಒಬ್ಬರು ಬಿಚ್ಚಿದ್ರು. ಟೇಪ್ ಕಿವಿಗೆ ಸುತ್ತಿದ್ದಲ್ಲ, ತೊಡೆಗೆ ಸುತ್ತಿದ್ದು. ಅದಕ್ಕೇ ಕೂದಲಿಲ್ಲ, ಬಿಳಿ ನೂಲಿತ್ತು. ನಮ್ಮೂರಲ್ಲಿ ಬಿಳಿ ಪ್ಯಾಂಟು ಹಾಕೋರು ವಾದ್ಯದವರು."

"ಊರಲ್ಲಿ ಎತ್ತೋಕೆ ಬರೋರು ಎಷ್ಟೊಂದು ಜನ," ಅಂದಳು ಕೊರಿನ್, ಅಂಗಡಿಯ ಏಪ್ರನ್ನಿಗೆ ಕೈ ಒರೆಸುತ್ತ.

"ಇದಾರೆ. ಆದ್ರೆ ಡೋಲು ಹೊತ್ತು ಬಡಿಯದೆ ನಡೆದೋಳು ಒಬ್ಬಳೇ. ಒಳಗೆ ಗಂಟೆ ಇಟ್ಟುಕೊಂಡು ಡೋಲು ಬಡಿದ್ರೆ ಇಡೀ ಊರಿಗೆ ಗೊತ್ತಾಗುತ್ತೆ. ನೂರಾರು ಜನರ ಮುಂದೆ ಗಂಟೆ ಮೆರವಣಿಗೆ ಮಾಡಿಕೊಂಡು ಬಂದ್ರಿ. ಮೆರವಣಿಗೆ ಮುಗಿದದ್ದು ಈ ಮನೆ ಬಾಗಿಲಲ್ಲಿ."

"ಚೆನ್ನಾಗಿತ್ತು ಅಲ್ವಾ?" ಅಂದಳು ಮಿರೇಯ್, ತಡೆಯಲಾರದೆ.

"ತುಂಬಾ. ಆದ್ರೆ ಒಂದು ತಪ್ಪು ಮಾಡಿದ್ರಿ. ಕಳ್ಳರು ಕದ್ದ ಮೇಲೆ ಓಡ್ತಾರೆ. ನೀವು ಮಿರೇಯ್ ಕೆಳಗಿಳಿದ ತಕ್ಷಣ ಅವಳನ್ನ ತಬ್ಬಿಕೊಂಡು ಬಾಗಿಲವರೆಗೆ ತಳ್ಳಿಕೊಂಡು ಹೋದ್ರಿ. ಎದುರಾಳಿ ಅಂತ ಒಂದು ನೊಣಾನೂ ಇರಲಿಲ್ಲ. ಜಿಲ್ಬೇರನ ಮೇಣದ ಮೇಲೆ ಎಮ್ಮೆ ಹೊರಳಿದ ಹಾಗಾಗಿದೆ."

ಸಾಂದ್ರಿನ್ ಮುಖ ಮುಚ್ಚಿಕೊಂಡಳು. ಭುಜಗಳು ಕುಲುಕುತ್ತಿದ್ದವು. ಅಳುವಲ್ಲ, ನಗು.

"ಅಭ್ಯಾಸ ಕಣೇ," ಅಂದಳು. "ಅವಳು ಇಳಿದಳು, ಕಾಲು ತಾನೇ ಹೊರಟವು."

"ನಗು ಯಾಕೆ?" ಕಸೋಬಾಂ ಕೋಣೆಯೊಳಗೆ ಕಾಲಿಟ್ಟರು. "ಕೇಳಿದ್ರೆ ನಾನು ಕೊಡ್ತಿರಲಿಲ್ವಾ?"

"ಕೇಳಿದ್ವಿ," ಅಂದಳು ಕೊರಿನ್. "ತಾತನನ್ನ ಕುರ್ಚಿ ಸಮೇತ ಕೆಳಗೆ ತರ್ತೀವಿ ಅಂದ್ವಿ. ಡಾಕ್ಟರು ಬೇಡ ಅಂದ್ರು. ಗಂಟೆನೇ ಮೇಲೆ ತರ್ತೀವಿ ಅಂದ್ವಿ. ನೀವು ಟಿವಿ ಇದೆ, ಕಾರ್ಖಾನೆ ಯಜಮಾನರಿಗೆ ಮಾತು ಕೊಟ್ಟಾಗಿದೆ ಅಂದ್ರಿ. ನಾಳೆ ಪಂದ್ಯಕ್ಕೆ ಮುಂಚೆ ಇಲ್ಲಿಂದ ಬಾರಿಸಿ, ನಾಡಿದ್ದು ವಾಪಸ್ಸು ನೇತುಹಾಕೋದು ಅಂತ ಇತ್ತು. ಯಾರಿಗೆ ಏನು ನಷ್ಟ?"

"ಜ್ವಿಯಾದ್‌ಗೆ," ಅಂದಳು ಮೇಲಿಸ್. "ನಿನ್ನ ಟೇಪ್ ಅವನದು. ಅವನೇ ಕದ್ದ ಅಂತ ಇವತ್ತು ಜೆರ್ಸಿ ತಪ್ಪೋದ್ರಲ್ಲಿತ್ತು."

ನಗು ನಿಂತಿತು. ಕೊರಿನ್ ಎದ್ದಳು. ಕೈಗಳನ್ನು ಜೋಡಿಸಿ ಮುಂದಕ್ಕೆ ಚಾಚಿದಳು.

"ಕರ್ಕೊಂಡು ಹೋಗು. ಈಗಲೇ. ಡೋಲು ಹರಿದಿದೆ ಅಂದಾಗ ಆ ಹುಡುಗ ತಾನೇ ಅಂಗಡಿಗೆ ಬಂದು ತೇಪೆ ಹಾಕಿ, ಉಳಿದ ಸುರುಳಿನೂ ಇಟ್ಟುಹೋದ. ನಮಗೆ ಗೊತ್ತಿರಲಿಲ್ಲ ಮೇಲಿಸ್. ಗೊತ್ತಿದ್ರೆ ಬೆಳಿಗ್ಗೆನೇ ಬಂದು ಹೇಳ್ತಿದ್ವಿ."

"ಯಾರಿಗೂ ಹೇಳಬೇಡಿ ಅಂತ ನಾನೇ ಅಂದಿದ್ದೆ," ಅಂದರು ಕಸೋಬಾಂ ಮೆಲ್ಲಗೆ.

ಅವರು ಬಂದು ಹಾಸಿಗೆಯ ತುದಿಯಲ್ಲಿ ಕೂತರು. ತಾತ ಅವರನ್ನು ನೋಡಿದ.

"ಅರ್ಮಾಂ, ನೀನು ಹೇಳಿದ್ದು ಸರಿ. ನನಗೆ ಇಳಿಯೋಕಾಗಲ್ಲ. ಕಾಲು ಹೋಯ್ತು. ಕೈ ಇದೆ."

ಅವನು ಪಟ್ಟಿ ಹಿಡಿದು ಗಂಟೆಯನ್ನು ಒಮ್ಮೆ ಅಲ್ಲಾಡಿಸಿದ. ಸದ್ದು ಕಿಟಕಿಯಿಂದ ಹೊರಬಿದ್ದು ಕಣಿವೆಗೆ ಇಳಿಯಿತು. ಕೆಳಗೆ ಮೈದಾನದಲ್ಲಿ ಅಭ್ಯಾಸ ಮಾಡುತ್ತಿದ್ದ ಚುಕ್ಕೆಗಳೆಲ್ಲ ನಿಂತು, ಮೇಲಕ್ಕೆ ತಿರುಗಿದವು.

ಕಸೋಬಾಂ ಕಿಟಕಿಯತ್ತ ಕತ್ತು ಚಾಚಿದರು.

"ಟಿವಿಯವರಿಗೆ ಏನು ಹೇಳಲಿ?"

"ಕ್ಯಾಮೆರಾಗೆ ಬೆಟ್ಟ ಹತ್ತೋಕೆ ಬರುತ್ತೆ ಅಧ್ಯಕ್ಷರೇ," ಅಂದಳು ಮಿರೇಯ್, ತರಗತಿಯ ದನಿಯಲ್ಲಿ.

"ಕಾರ್ಖಾನೆ ಯಜಮಾನರಿಗೆ?"

"ಒಂದು ಒಳ್ಳೇ ಕುರ್ಚಿ ಕೊಡಿ."

ಅವರು ಎದ್ದರು. ಬಾಗಿಲಲ್ಲಿ ನಿಂತು ಮೇಲಿಸ್‌ಳನ್ನು ಕೇಳಿದರು. "ಹಾಗಾದ್ರೆ ಜ್ವಿಯಾದ್ ನಿನ್ನೆ ಎಲ್ಲಿದ್ದ?"

"ಗಂಟೆ ಹತ್ರ ಇರಲಿಲ್ಲ. ನನ್ನ ಕೇಸು ಅಲ್ಲಿಗೆ ಮುಗೀತು."

* * *

ಸಂಜೆ ಜೆರ್ಸಿ ಹಂಚಿದರು. ಹಾಲ್‌ನಲ್ಲಿ ಮೇಣದ ಪಟ್ಟೆ ಹಾಗೇ ಇತ್ತು, ಜಿಲ್ಬೇರ್ ಅದನ್ನು ಅಳಿಸಲು ಒಪ್ಪಿರಲಿಲ್ಲ. ಹೆಸರು ಕರೆದಂತೆ ಒಬ್ಬೊಬ್ಬರಾಗಿ ಬಂದರು. ಮೂರನೇ ನಂಬರಿನ ಜೆರ್ಸಿಯನ್ನು ಕಸೋಬಾಂ ಸ್ವತಃ ಎತ್ತಿಕೊಂಡರು. ಜ್ವಿಯಾದ್ ಮುಂದೆ ಬಂದ. ಕಸೋಬಾಂ ಜೆರ್ಸಿ ಕೊಟ್ಟು, ಹೆಗಲ ಮೇಲೆ ಕೈ ಇಟ್ಟು, ತೆಗೆದರು.

ಶನಿವಾರ ಬೆಟ್ಟದಿಂದ ಗಂಟೆ ಮೊಳಗಿತು. ತಾತ ನಿಲ್ಲಿಸಲೇ ಇಲ್ಲ. ತಂಡ ಬೀದಿಯಲ್ಲಿ ನಡೆದು ಮೈದಾನ ಸೇರುವವರೆಗೂ ಬಾರಿಸಿದ. ನಡುವೆ ಇನ್ನೊಂದು ಸಣ್ಣ ಗಂಟೆ ಸೇರಿಕೊಂಡಿತು. ವೇಲ್ಸಿನವರ ಗುಂಪಿನಲ್ಲಿ ಎಮ್ರಿಸ್ ಕೈ ಮೇಲೆತ್ತಿ ಮೇಕೆಯ ಗಂಟೆ ಆಡಿಸುತ್ತಿದ್ದ. ಅವನ ಪಕ್ಕದವರು ಅವನನ್ನು ಬೈಯುತ್ತ ನಗುತ್ತಿದ್ದರು.

ಮೇಲಿಸ್‌ಗೆ ಗೇಟಿನ ಕಾವಲು. ಒಂದು ಚೆಂಡೂ ಕಾಣಲಿಲ್ಲ. ಆಟವನ್ನು ಬೆನ್ನಿನಲ್ಲಿ ಕೇಳಿದಳು. ವೇಲ್ಸಿನವರು ಹಾಡಿದರೆ ನಮಗೆ ಕಷ್ಟ. ನಮ್ಮವರು ಸದ್ದಡಗಿದರೆ ಇನ್ನೂ ಕಷ್ಟ. ಕೊನೆಯಲ್ಲಿ ಸ್ಕ್ರಮ್ ಎಂದು ಯಾರೋ ಕೂಗಿದರು. ಎಲ್ಲ ನಿಶ್ಶಬ್ದವಾಯಿತು. ಆಮೇಲೆ ಎದ್ದ ಆರ್ಭಟಕ್ಕೆ ಗೇಟಿನ ಸರಪಳಿ ಅದುರಿತು. ವೇಲ್ಸಿನ ಸ್ಕ್ರಮ್ ಹಿಂದಕ್ಕೆ ಹೋಗುತ್ತಿದೆ ಎಂದು ಅವಳಿಗೆ ನೋಡದೆಯೇ ಗೊತ್ತಾಯಿತು. ಯಾರ ಹೆಗಲು ಎಂಬುದೂ ಗೊತ್ತಾಯಿತು. ಅದಕ್ಕೆ ಸಿಕ್ಕ ಪೆನಾಲ್ಟಿಯ ಒದೆತ ಗಂಬಗಳ ನಡುವೆ ಹೋದಾಗ ಕೊನೆಯ ಸೀಟಿ ಕೇಳಿತು. ಸಣ್ಣ ಕಪ್‌ನ ಫೈನಲ್ಲಿಗೆ ಕಾಸ್ತೆಲ್‌ಬಾರ್ ತಲುಪಿತ್ತು.

ಚೌಕದಲ್ಲಿ ಉದ್ದ ಮೇಜುಗಳು. ಗೆದ್ದವರು ಸೋತವರು ಒಟ್ಟಿಗೆ ಕೂತರು. ಜಿಲ್ಬೇರನ ಕೋಸಿನ ಸಾರು ಹಂಡೆಗಟ್ಟಲೆ ಇಳಿದಿತ್ತು, ಬಾತುಕೋಳಿ ಬೇಯುತ್ತಿತ್ತು. ಕೊರಿನ್ ಈಗ ಡೋಲನ್ನು ಮನಸಾರೆ ಬಡಿಯುತ್ತಿದ್ದಳು. ಊಟದ ಸಾಲು ಕಾರಂಜಿಯನ್ನು ಸುತ್ತಿ ಸೇತುವೆಯವರೆಗೆ ಹೋಗಿತ್ತು.

ಒತಾರ್ ಒಂದು ಮೇಜಿನ ತುದಿಯಲ್ಲಿ ಕೂತಿದ್ದ. ಸಾಲಿನಲ್ಲಿ ನಿಂತರೇ ಊಟ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮುಂದೆ ತಟ್ಟೆಯಿರಲಿಲ್ಲ. ಪಕ್ಕದಲ್ಲಿ ಜ್ವಿಯಾದ್, ಹುಬ್ಬಿಗೆ ಹೊಲಿಗೆ. ಬಂದವರೆಲ್ಲ ಮಗನ ಬೆನ್ನು ತಟ್ಟಿ ಅಪ್ಪನ ಕೈ ಕುಲುಕುತ್ತಿದ್ದರು. ಅಪ್ಪನಿಗೆ ನಗು ಮುಚ್ಚಲು ಬರುತ್ತಿರಲಿಲ್ಲ.

ಕಸೋಬಾಂ ಮುಖ್ಯ ಮೇಜಿನ ಕಡೆಗೆ ಹೊರಟಿದ್ದರು. ಕೈಯಲ್ಲಿ ಅಧ್ಯಕ್ಷರ ತಟ್ಟೆ. ಜಿಲ್ಬೇರ್ ಆರಿಸಿ ಇಟ್ಟ ಬಾತುಕೋಳಿಯ ತೊಡೆ, ಬಿಳಿ ಅವರೆ, ಬ್ರೆಡ್ಡು. ಒತಾರ್‌ನ ಎದುರು ನಿಂತರು.

"ನೀವು ಇವನ ಅಪ್ಪ ಅಂತ ಈಗ ಗೊತ್ತಾಯ್ತು. ಯಾವಾಗ ಬಂದ್ರಿ?"

ಒತಾರ್‌ಗೆ ಪ್ರಶ್ನೆ ಅರ್ಥವಾಯಿತು. ಈ ಎರಡು ದಿನದಲ್ಲಿ ಕಲಿತ ಮಾತುಗಳನ್ನೆಲ್ಲ ಹೆಮ್ಮೆಯಿಂದ ಒಟ್ಟುಗೂಡಿಸಿದ.

"ಗುರುವಾರ. ಸಂಜೆ. ತುಲೂಸ್." ಕೈಗಳಿಂದ ಕಾರಿನ ಚಕ್ರ ತಿರುಗಿಸಿ ತೋರಿಸಿದ. "ಮಗ."

ಜ್ವಿಯಾದ್ ಕಣ್ಣು ಮುಚ್ಚಿಕೊಂಡ. ಎರಡು ಮೇಜು ಆಚೆ ತರಬೇತುದಾರ ವೇಲ್ಸಿನವರ ಜೊತೆ ಹಾಡುತ್ತಿದ್ದ.

ಕಸೋಬಾಂ ಅಪ್ಪನನ್ನು ನೋಡಿದರು. ಮಗನನ್ನು ನೋಡಿದರು. ತರಬೇತುದಾರನ ಬೆನ್ನನ್ನು ನೋಡಿದರು. ಆಮೇಲೆ ತಮ್ಮ ತಟ್ಟೆಯನ್ನು ಒತಾರ್‌ನ ಮುಂದೆ ಇಟ್ಟರು. ಜೇಬಿನಿಂದ ಚಮಚ, ಮುಳ್ಳುಚಮಚ ತೆಗೆದು ಪಕ್ಕದಲ್ಲಿ ಜೋಡಿಸಿದರು. ತಿರುಗಿ, ಕಾರಂಜಿಯನ್ನು ದಾಟಿ, ಸಾಲಿನ ಕೊನೆಗೆ ಹೋಗಿ ನಿಂತುಕೊಂಡರು.